ಗ್ಲೂಕೋಸಿಗೆ ಮೊದಲು ಬಿ1 ಕೊಟ್ಟವರಿಗೆ

ಕುಡಿತದಿಂದ ನೆನಪು ಕೆಟ್ಟವರನ್ನು ನೋಡಿಕೊಳ್ಳುವ ನಮ್ಮ ಬಳಗಕ್ಕೆ ವರ್ಷ ತುಂಬಿತು. ಮನೆಮನೆಯ ಕತೆ ಹೇಳುತ್ತ ಕೂರುವುದಿಲ್ಲ. ಯಾರಿಗೆ, ಯಾವ ಕೆಲಸಕ್ಕೆ ಋಣಿ ಎಂಬುದನ್ನಷ್ಟೇ ಬರೆಯುತ್ತೇವೆ.

ಮೊದಲ ನಮಸ್ಕಾರ ಕ್ಯಾಶುಯಾಲಿಟಿಯ ಡ್ಯೂಟಿ ಡಾಕ್ಟರುಗಳಿಗೆ, ಸಿಸ್ಟರುಗಳಿಗೆ. ತೂರಾಡುತ್ತ ಬಡಬಡಿಸುತ್ತ ಬಂದವರನ್ನು ‘ಅಮಲು ಇಳಿದರೆ ಸರಿಹೋಗ್ತಾನೆ’ ಎಂದು ಮೂಲೆಯಲ್ಲಿ ಮಲಗಿಸದೆ, ಕಣ್ಣುಗುಡ್ಡೆ ಅದುರುತ್ತಿದೆಯೇ ಎಂದು ನೋಡಿದಿರಿ. ಗೊಂದಲ, ಕಣ್ಣಿನ ತೊಂದರೆ, ತಪ್ಪುವ ನಡಿಗೆ ಮೂರೂ ಒಟ್ಟಿಗೆ ಕಾಣಲಿ ಎಂದು ಕಾದರೆ ಬಹಳಷ್ಟು ರೋಗಿಗಳು ಕೈತಪ್ಪುತ್ತಾರೆ. ಸರಿಯಾಗಿ ಊಟ ಮಾಡಿಲ್ಲ ಎಂಬುದನ್ನೂ ಸೇರಿಸಿ ಈ ನಾಲ್ಕರಲ್ಲಿ ಎರಡಿದ್ದರೆ ಸಾಕು, ವೆರ್ನಿಕೆ (ಬಿ1 ವಿಟಮಿನ್ ಕೊರತೆಯಿಂದ ಮೆದುಳಿಗೆ ಬರುವ ಕಾಯಿಲೆ) ಎಂದೇ ಹಿಡಿದು ಚಿಕಿತ್ಸೆ ಶುರು ಮಾಡಬೇಕು: 500 ಮಿ.ಗ್ರಾಂ ಥಯಮಿನ್, ಅಂದರೆ ಅದೇ ಬಿ1, 100 ಮಿ.ಲೀ. ಸಲೈನಿನಲ್ಲಿ, ಅರ್ಧ ಗಂಟೆಯಲ್ಲಿ ನರಕ್ಕೆ, ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಆಮೇಲೆ ದಿನಕ್ಕೆ 250 ಮಿ.ಗ್ರಾಂನಂತೆ ಇನ್ನೂ ಕೆಲವು ದಿನ. ಮೆಗ್ನೀಸಿಯಂ ಕೂಡ ಪರೀಕ್ಷಿಸಿದಿರಿ. ಅದು ಕಡಿಮೆಯಿದ್ದರೆ ಎಷ್ಟು ಥಯಮಿನ್ ಕೊಟ್ಟರೂ ಮೈಗೆ ಹತ್ತುವುದಿಲ್ಲ.

‘ಸುಸ್ತಾಗಿದಾರೆ, ಒಂದು ಬಾಟಲಿ ಗ್ಲೂಕೋಸ್ ಹಾಕಿ ಸಾರ್’ ಎಂದು ಗೋಗರೆಯುವುದು ಮನೆಯವರೇ. ಶೇ. 5ರ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ. ಅದನ್ನು ಬಳಸಿಕೊಳ್ಳಲು ಮೆದುಳಿಗೆ ಬಿ1 ಬೇಕು. ದೇಹದ ದಾಸ್ತಾನೇ ಸುಮಾರು 30 ಮಿ.ಗ್ರಾಂ, ಉಣ್ಣದೆ ಕುಡಿದರೆ ಎರಡು ಮೂರು ವಾರದಲ್ಲಿ ಬರಿದು. ಉಳಿದಿದ್ದ ಚೂರೂ ಆ ಬಾಟಲಿಗೆ ಖರ್ಚಾಗುತ್ತದೆ. ಶುಗರ್ ಕುಸಿದಿದ್ದರೆ ಕಾಯುವ ಹಾಗಿಲ್ಲ, ನಿಜ. ಆಗ ಎರಡನ್ನೂ ಜೊತೆಗೇ ಕೊಡಬೇಕು. ಡ್ರಿಪ್ಪಿಗೆ ಬೆರೆಸುವ ಹಳದಿ ವಿಟಮಿನ್ ನೋಡಲು ಚೆನ್ನ, ಈ ರೋಗಕ್ಕೆ ಅದರ ಪ್ರಮಾಣ ಎಲ್ಲಿಗೂ ಸಾಲದು. ಗುಳಿಗೆಯನ್ನೂ ಆರಂಭದಲ್ಲಿ ನಂಬುವಂತಿಲ್ಲ. ಕುಡಿತದಿಂದ ಸೋತ ಕರುಳು ಸರಿಯಾಗಿ ಹೀರುವುದಿಲ್ಲ.

‘ಸ್ವಲ್ಪ ತಗೊಳ್ತಾರೆ’ ಎಂದು ಮುಚ್ಚಿಡದೆ ‘ದಿನಕ್ಕೆ ಮೂರು ಕ್ವಾರ್ಟರ್, ಹದಿನೈದು ದಿನದಿಂದ ಅನ್ನ ಮುಟ್ಟಿಲ್ಲ, ವಾಂತಿ’ ಎಂದು ಬಾಯಿಬಿಟ್ಟ ಅಕ್ಕಂದಿರೇ, ನಿಮಗೂ. ಮಾನಕ್ಕಿಂತ ಮೆದುಳು ದೊಡ್ಡದು.

ತಡವಾದ ಕಡೆ ಕಣ್ಣು ಕೆಲವು ದಿನಗಳಲ್ಲಿ ಸರಿಯಾಯಿತು, ನಡಿಗೆ ವಾರಗಳಲ್ಲಿ ಒಂದಷ್ಟು ಸುಧಾರಿಸಿತು. ಹೊಸ ನೆನಪು ಕೂಡಿಡುವ ಮೆದುಳಿನ ಭಾಗಗಳಾದ ಥಲಾಮಸ್, ಮ್ಯಾಮಿಲರಿ ಬಾಡಿಗಳ ಹಾನಿ ಮಾತ್ರ ಉಳಿಯಿತು. ರಷ್ಯಾದ ಸೆರ್ಗೈ ಕೊರ್ಸಕಾಫ್ 1887ರಲ್ಲಿ ವಿವರಿಸಿದ ಸ್ಥಿತಿ ಇದು. ಕುಡಿತ ಪೂರ್ತಿ ಬಿಟ್ಟರೂ ಸುಮಾರು ಕಾಲುಭಾಗ ಜನರಲ್ಲಿ ಹೇಳಿಕೊಳ್ಳುವ ಬದಲಾವಣೆ ಬರುವುದಿಲ್ಲ.

ಇಂಥವರ ಜೊತೆ ಬದುಕುವುದನ್ನು ಕಲಿಸಿದ ಥೆರಪಿಸ್ಟರಿಗೆ ಎಷ್ಟು ಹೇಳಿದರೂ ಕಡಿಮೆ. ‘ನೆನಪಿದೆಯಾ ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ, ಉತ್ತರವನ್ನು ನೀವೇ ಮೊದಲು ಹೇಳಿ ಎಂದಿರಿ. ಊಹಿಸಲು ಬಿಟ್ಟರೆ ತಪ್ಪು ಊಹೆಯೇ ತಲೆಯಲ್ಲಿ ಕೂರುತ್ತದಂತೆ. ‘ಬೆಳಿಗ್ಗೆ ಮೈಸೂರಿಗೆ ಹೋಗಿದ್ದೆ’ ಎಂದರೆ ಅದು ಸುಳ್ಳಲ್ಲ, ಖಾಲಿ ಜಾಗವನ್ನು ಮೆದುಳು ತುಂಬಿಕೊಂಡದ್ದು, ಜಗಳ ಬೇಡ. ಕೈಗೆ ಅಭ್ಯಾಸವಾದ ಕೆಲಸ ಉಳಿಯುತ್ತದೆ. ಹಾಗಾಗಿ ಮಾತ್ರೆ ಡಬ್ಬಿ, ಕನ್ನಡಕ, ಬೀಗದಕೈ ದಿನವೂ ಅದೇ ಜಾಗದಲ್ಲಿ.

ಬೀದಿಯ ಅಂಗಡಿಯವರಿಗೂ ವಂದನೆ. ಹಾಲಿಗೆಂದು ಮೂರನೇ ಸಲ ಬಂದವರಿಗೆ ನಗದೆ ‘ಆಗ್ಲೇ ತಗೊಂಡ್ರಲ್ಲ ಅಣ್ಣ’ ಎಂದು ಹೇಳಿ, ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿದ ನಂಬರಿಗೆ ಮನೆಯವರಿಗೆ ಫೋನು ಮಾಡುತ್ತೀರಿ.