ಮುಂದಿನ ತಿಂಗಳಿಂದ ಬಸ್ಸಿಗೆ ತೋಫು ಹಾಕುವುದಿಲ್ಲ, ಕಾಳು ಕಳಿಸುತ್ತೇವೆ

ನಮಸ್ಕಾರ,

ಸಕಲೇಶಪುರ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ನಮ್ಮ ಹತ್ರ ತೋಫು (ಸೋಯಾ ಹಾಲು ಒಡೆಸಿ ಮಾಡುವ ಪನೀರ್ ತರದ್ದು) ತರಿಸಿಕೊಳ್ಳುವ ಎಲ್ಲರಿಗೂ ಈ ಪತ್ರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ಬಸ್ಸಿನಲ್ಲಿ ತೋಫು ಪ್ಯಾಕೆಟ್ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಆರಿಸಿದ ಸೋಯಾ ಕಾಳು, ಹಾಲು ಒಡೆಸುವ ಪುಡಿ, ಹಿಂಡುವ ಬಟ್ಟೆ, ತೂತು ಮಾಡಿದ ಒಂದು ಡಬ್ಬಿ, ಇಷ್ಟನ್ನು ಒಂದು ಚೀಲಕ್ಕೆ ಹಾಕಿ ಕಳಿಸುತ್ತೇವೆ. ತೋಫು ನೀವೇ ಮನೆಯಲ್ಲಿ ಮಾಡಿಕೊಳ್ಳಬೇಕು. ಹಾಸನ ಪಟ್ಟಣದವರಿಗೆ ಮಾತ್ರ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಮೊದಲಿನ ಹಾಗೇ ತಾಜಾ ತೋಫು ಸಿಗುತ್ತದೆ, ಹಿಂದಿನ ದಿನವೇ ಹೇಳಿರಬೇಕು.

ಯಾಕೆ ಈ ಬದಲಾವಣೆ ಅಂತ ಕೇಳುವ ಹಕ್ಕು ನಿಮಗಿದೆ. ಕಳೆದ ಏಪ್ರಿಲ್‌ನಲ್ಲಿ ಸಕಲೇಶಪುರಕ್ಕೆ ಹಾಕಿದ ಹನ್ನೆರಡು ಪ್ಯಾಕೆಟ್ ವಾಪಸ್ ಬಂದವು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಡಬ್ಬ ಎರಡು ಗಂಟೆ ಬಿಸಿಲಲ್ಲೇ ಇತ್ತಂತೆ. ನಾವು ಒಂದು ಪ್ಯಾಕೆಟ್ ಬಿಚ್ಚಿ ನೋಡಿದೆವು. ತಿಳಿಯಾಗಿರಬೇಕಾದ ನೀರು ಮಜ್ಜಿಗೆ ತರ ಆಗಿತ್ತು, ಬೆರಳಿಗೆ ಲೋಳೆ ಅಂಟುತ್ತಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅದರಲ್ಲಿ ಎರಡು ಪ್ಯಾಕೆಟ್ ಒಬ್ಬ ತಾಯಿ ಬಾಣಂತಿ ಮಗಳಿಗೆ ಅಂತ ಹೇಳಿ ತರಿಸಿದ್ದು. ಅವರು ಬೈಯಲಿಲ್ಲ, ಫೋನ್ ಮಾಡಿ "ನಿಮ್ಮ ಕೈಯಲ್ಲಿ ಏನು ತಪ್ಪಿಲ್ಲ ಬಿಡಿ" ಅಂದರು. ಆದರೆ ತಪ್ಪು ನಮ್ಮದೇ. ತೋಫುವಿನಲ್ಲಿ ನೀರೂ ಜಾಸ್ತಿ, ಪ್ರೋಟೀನೂ ಜಾಸ್ತಿ. ಇಂಥ ಪದಾರ್ಥ ತಣ್ಣಗಿಲ್ಲದಿದ್ದರೆ ಕೆಡಲೇಬೇಕು. ಅದನ್ನು ಐಸ್ ಇಲ್ಲದೆ ಬಸ್ಸಿನ ಮೇಲೆ ನಂಬಿಕೆ ಇಟ್ಟು ಕಳಿಸಬಾರದಾಗಿತ್ತು.

ಬಾಳಿಕೆ ಬರುವ ಹಾಗೆ ಪ್ಯಾಕ್ ಮಾಡಿ, ಏನಾದರೂ ಬೆರೆಸಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ನಮಗೆ ಅದು ಬೇಡ ಅನ್ನಿಸಿತು. ತಾಜಾ ತೋಫು ತಿಂದವರಿಗೆ ಗೊತ್ತು, ಅದರ ಪರಿಮಳ ಮೊದಲ ದಿನದ್ದೇ. ಮೂರನೇ ದಿನಕ್ಕೆ ಅದು ಸುಮ್ನೆ ಬಿಳಿ ಗಟ್ಟಿ ಅಷ್ಟೆ. ಕಾಳಾದರೆ ಹಾಗಲ್ಲ. ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಬಸ್ಸು ನಿಂತರೂ ಏನೂ ಆಗುವುದಿಲ್ಲ.

ಈಗ ಮಾಡುವ ರೀತಿ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇವೆ, ಯಾಕೆಂದರೆ ಒಂದು ಸಲ ಕೆಟ್ಟರೆ ಎರಡನೇ ಸಲ ಯಾರೂ ಕೈ ಹಾಕುವುದಿಲ್ಲ.

ಚೀಲದಲ್ಲಿ ಅರ್ಧ ಕೆಜಿ ಕಾಳಿರುತ್ತದೆ, ಎರಡು ಸಲಕ್ಕೆ ಆಗುತ್ತದೆ. 250 ಗ್ರಾಂ ಕಾಳನ್ನು ರಾತ್ರಿ ತೊಳೆದು ಜಾಸ್ತಿ ನೀರಲ್ಲಿ ನೆನೆಹಾಕಿ, ಯಾಕೆಂದರೆ ಕಾಳು ಎರಡರಷ್ಟಕ್ಕಿಂತ ಹೆಚ್ಚು ಊದುತ್ತದೆ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು, ಸಕಲೇಶಪುರದ ಕಡೆ ಚಳಿಗಾಲದಲ್ಲಿ ಹನ್ನೆರಡು ಬೇಕಾಗುತ್ತದೆ. ಗಂಟೆ ಲೆಕ್ಕಕ್ಕಿಂತ ಕಾಳನ್ನೇ ನೋಡಿ. ಒಂದು ಕಾಳು ತೆಗೆದು ಉಗುರಿನಲ್ಲಿ ಎರಡು ಬೇಳೆ ಮಾಡಿ. ಒಳಗಿನ ಮುಖ ಮಟ್ಟಸವಾಗಿ, ಅಂಚಿಂದ ನಡುವಿನವರೆಗೆ ಒಂದೇ ಬಣ್ಣದಲ್ಲಿದ್ದರೆ ನೆನೆದಿದೆ. ನಡುವೆ ಗುಳಿ ಬಿದ್ದು ಹಳದಿ ಕಾಣಿಸಿದರೆ ಇನ್ನೊಂದೆರಡು ಗಂಟೆ ಬಿಡಿ.

ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಇನ್ನೊಂದು ಸಲ ತೊಳೆದು, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಬೇಯಿಸಲು ಬೇಕಾಗುವ ನೀರೂ ಸೇರಿ ಒಟ್ಟು ಎರಡು ಲೀಟರ್ ನೀರು. ಸೋಯಾ ಅಂದ್ರೆ ಹಸಿ ವಾಸನೆ ಅಂತ ಮೂಗು ಮುರಿಯುವವರು ತುಂಬ ಜನ. ಆ ವಾಸನೆ ಕಾಳಿನೊಳಗೆ ಮೊದಲೇ ಇರುವುದಲ್ಲ. ಕಾಳು ಒಡೆದು ಗಾಳಿ, ನೀರು ತಗುಲಿದಾಗ ಅದರಲ್ಲಿರುವ ಒಂದು ಕಿಣ್ವ ಎಣ್ಣೆಯಂಶದ ಮೇಲೆ ಕೆಲಸ ಮಾಡಿ ಆ ವಾಸನೆ ಹುಟ್ಟಿಸುತ್ತದೆ. ತಣ್ಣೀರಿನ ಬದಲು ಕುದಿಯುವಷ್ಟು ಬಿಸಿ ನೀರು ಹಾಕಿ ರುಬ್ಬಿದರೆ ಆ ಕಿಣ್ವ ಅಲ್ಲೇ ಸಾಯುತ್ತದೆ, ವಾಸನೆ ಬಹಳ ಕಮ್ಮಿ ಆಗುತ್ತದೆ. ಮಿಕ್ಸಿ ಜಾರಿನ ಮುಚ್ಚಳ ಗಟ್ಟಿಯಾಗಿ ಹಿಡಿದುಕೊಳ್ಳಿ, ಬಿಸಿಗೆ ಹಾರಬಹುದು, ಒಂದೇ ಸಲ ತುಂಬ ಹಾಕಬೇಡಿ.

ರುಬ್ಬಿದ್ದನ್ನು ದೊಡ್ಡ ಪಾತ್ರೆಗೆ ಹಾಕಿ ಒಲೆಗಿಡಿ. ದೊಡ್ಡದು ಅಂದರೆ ನಿಜವಾಗಲೂ ದೊಡ್ಡದು, ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ಸ್ವಲ್ಪ ಬಿಸಿಯಾಗುತ್ತಿದ್ದ ಹಾಗೇ ನೊರೆ ಸರ್ರನೆ ಏಳುತ್ತದೆ, ಕುದಿ ಬಂತು ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ. ಅದು ಕುದಿಯಲ್ಲ, ಬರೀ ನೊರೆ. ಉರಿ ಸಣ್ಣ ಮಾಡಿ, ಸೌಟಿನಿಂದ ತಳ ತಿರುವುತ್ತಾ ಇರಿ. ನಿಜವಾದ ಕುದಿ ಬಂದ ಮೇಲೆ ಹತ್ತು ಹದಿನೈದು ನಿಮಿಷ ಬೇಯಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯುವ ಅಂಶ ಇದೆ, ಅದು ಚೆನ್ನಾಗಿ ಬೆಂದರೆ ಮಾತ್ರ ಹೋಗುತ್ತದೆ. ಅರೆಬೆಂದ ಸೋಯಾ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ದಯವಿಟ್ಟು ಇಲ್ಲಿ ಅವಸರ ಬೇಡ.

ಬೆಂದ ಮೇಲೆ ಬಟ್ಟೆಯಲ್ಲಿ ಸೋಸಿ, ಕೈ ತಾಳುವಷ್ಟು ಆರಿದ ಮೇಲೆ ಗಟ್ಟಿಯಾಗಿ ಹಿಂಡಿ. ಬಟ್ಟೆಯಲ್ಲಿ ಉಳಿಯುವ ಚರಟ ಎಸೆಯಬೇಡಿ, ಅದರ ವಿಷಯ ಮುಂದೆ ಹೇಳುತ್ತೇವೆ. ಸೋಸಿದ ಹಾಲನ್ನು ಮತ್ತೆ ಕಾಯಿಸಿ, ಕುದಿ ಬಂದಾಗ ಒಲೆ ಆರಿಸಿ, ಏಳೆಂಟು ನಿಮಿಷ ಹಾಗೇ ಬಿಡಿ. 75ರಿಂದ 80 ಡಿಗ್ರಿ ಇದ್ದಾಗ ಒಡೆಸಿದರೆ ತೋಫು ಮೆತ್ತಗೆ ಬರುತ್ತದೆ, ಕುದಿಯುವಾಗಲೇ ಹಾಕಿದರೆ ಒರಟಾಗಿ ಪುಡಿಪುಡಿ ಆಗುತ್ತದೆ.

ಚೀಲದಲ್ಲಿರುವ ಪುಡಿ ಪೊಟ್ಟಣ ಒಂದೊಂದು 6 ಗ್ರಾಂ, ಒಂದು ಸಲಕ್ಕೆ ಒಂದು. ಅದು ಆಹಾರಕ್ಕೆಂದೇ ತಯಾರಾದ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹೊಲಕ್ಕೆ ಹಾಕುವ ಜಿಪ್ಸಂ ನಮ್ಮ ಊರುಗಳಲ್ಲಿ ಚೀಲಗಟ್ಟಲೆ ಇರುತ್ತದೆ, ಅದನ್ನು ಯಾವ ಕಾರಣಕ್ಕೂ ಅಡುಗೆಗೆ ತರಬೇಡಿ. ಪೊಟ್ಟಣ ಮುಗಿದಿದ್ದರೆ ನಿಂಬೆರಸ ಮೂರು ನಾಲ್ಕು ದೊಡ್ಡ ಚಮಚ ಸಾಕು, ರುಚಿ ಸ್ವಲ್ಪ ಹುಳಿ ಬರುತ್ತದೆ ಅಷ್ಟೆ. ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ, ಮೂರು ಕಂತಿನಲ್ಲಿ ಹಾಲಿಗೆ ಹಾಕಿ, ಪ್ರತಿ ಸಲ ಒಂದೆರಡು ಸುತ್ತು ನಿಧಾನವಾಗಿ ತಿರುವಿ ನಿಲ್ಲಿಸಿ. ಮುಚ್ಚಿ ಹದಿನೈದು ನಿಮಿಷ ಬಿಡಿ. ಮುಚ್ಚಳ ತೆಗೆದಾಗ ಮೋಡದ ತರ ಗೆಡ್ಡೆಗಳು, ಸುತ್ತ ತಿಳಿ ಹಳದಿ ನೀರು ಕಾಣಬೇಕು. ನೀರು ಇನ್ನೂ ಹಾಲು ಹಾಲಾಗಿದ್ದರೆ ಪೂರ್ತಿ ಒಡೆದಿಲ್ಲ, ಸ್ವಲ್ಪ ನಿಂಬೆರಸ ಹಾಕಿ.

ಇದನ್ನು ಬಟ್ಟೆ ಹಾಸಿದ ಡಬ್ಬಿಗೆ ಸುರಿದು, ಬಟ್ಟೆ ಮಡಚಿ, ಮೇಲೆ ಒಂದು ತಟ್ಟೆ, ಅದರ ಮೇಲೆ ಒಂದು ಕೆಜಿಯಷ್ಟು ಭಾರ. ನಮ್ಮಲ್ಲಿ ಒಬ್ಬರು ಮನೆಯ ಹಳೇ ಗುಂಡುಕಲ್ಲನ್ನೇ ಇಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ಗಿಣ್ಣಿನ ಹಾಗೆ ಅಲುಗುವ ಮೆತ್ತನೆ ತೋಫು, ಒಂದು ಗಂಟೆಗೆ ಕತ್ತರಿಸಿ ಹುರಿಯಬಹುದಾದ ಗಟ್ಟಿ ತೋಫು. 250 ಗ್ರಾಂ ಕಾಳಿಗೆ 350ರಿಂದ 400 ಗ್ರಾಂ ಸಿಗುತ್ತದೆ. ಮಿಕ್ಕಿದ್ದನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನಾ ನೀರು ಬದಲಿಸಿ, ಮೂರು ನಾಲ್ಕು ದಿನದೊಳಗೆ ಮುಗಿಸಿ.

ಚರಟದಲ್ಲಿ ನಾರಿನ ಅಂಶ ಜಾಸ್ತಿ, ಪ್ರೋಟೀನ್ ಕೂಡ ಇನ್ನೂ ಇರುತ್ತದೆ. ನಾವು ಅಕ್ಕಿ ಹಿಟ್ಟಿಗೆ ಕಾಲು ಭಾಗ ಚರಟ, ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಸೇರಿಸಿ ರೊಟ್ಟಿ ತಟ್ಟುತ್ತೇವೆ. ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ, ಮಕ್ಕಳ ಡಬ್ಬಿಗೆ ಹಾಕಲು ತುಂಬ ಚೆನ್ನ. ಕಡಲೆಬೇಳೆ ಜೊತೆ ಸೇರಿಸಿ ಆಂಬೊಡೆಯೂ ಮಾಡಬಹುದು.

ಸೋಯಾ ಕಾಳು ನಮ್ಮ ಜಿಲ್ಲೆಯ ಮುಖ್ಯ ಬೆಳೆಯಲ್ಲ, ಬೀದರ್, ಬೆಳಗಾವಿ ಕಡೆ ಜಾಸ್ತಿ ಬೆಳೆಯುತ್ತಾರೆ, ನಮಗೆ ಬರುವುದೂ ಆ ಕಡೆಯಿಂದಲೇ. ಅದಕ್ಕೇ ಈ ಸಲ ಚೀಲದೊಳಗೆ ಅರ್ಧ ಕೆಜಿ ಹುರುಳಿಯನ್ನೂ ಹಾಕುತ್ತಿದ್ದೇವೆ, ಅದು ಅರಸೀಕೆರೆ ಕಡೆಯ ರೈತರದ್ದು. ಪ್ರೋಟೀನ್ ಬೇಕು ಅಂದ್ರೆ ತೋಫುವೇ ಆಗಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ಒಣ ಸೋಯಾ ಕಾಳಿನಲ್ಲಿ 100 ಗ್ರಾಂಗೆ 36 ಗ್ರಾಂ ಆಸುಪಾಸು ಪ್ರೋಟೀನ್, ಹುರುಳಿಯಲ್ಲಿ 22ರ ಹತ್ತಿರ, ಕಡಲೆಕಾಯಿ ಬೀಜದಲ್ಲಿ 25ರ ಹತ್ತಿರ. ನಮ್ಮ ದೇಶದ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದೇಹದ ತೂಕದ ಒಂದೊಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು. 60 ಕೆಜಿ ಇರುವವರಿಗೆ ಸುಮಾರು 50 ಗ್ರಾಂ ಆಯಿತು. ಬರೀ ಅನ್ನ ತಿಳಿಸಾರಿನಲ್ಲಿ ಇದು ಬರುವುದಿಲ್ಲ. ಮಧ್ಯಾಹ್ನ ಮುದ್ದೆಗೆ ಮೊಳಕೆ ಹುರುಳಿ ಸಾರು, ರಾತ್ರಿ ಒಂದು ತುಂಡು ತೋಫು ಪಲ್ಯ, ನಡುವೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಬಟ್ಟಲು ಮೊಸರು ಇದ್ದರೆ ಹತ್ತಿರ ಹತ್ತಿರ ಬರುತ್ತದೆ. ಮುದ್ದೆಯಲ್ಲಿ ಕಮ್ಮಿ ಇರುವುದನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಕಮ್ಮಿ ಇರುವುದನ್ನು ರಾಗಿ ತುಂಬುತ್ತದೆ. ನಮ್ಮ ಅಜ್ಜಿಯರ ಊಟದಲ್ಲೇ ಇದು ಇತ್ತಲ್ವಾ.

ಸೋಯಾ ಒಗ್ಗದವರು, ಅಲರ್ಜಿ ಇರುವವರು ಇದನ್ನು ಮುಟ್ಟಬೇಡಿ. ಅಂಥವರಿಗೆ ಕಡಲೆಹಿಟ್ಟಿನದ್ದು ಒಂದಿದೆ, ಒಡೆಸುವ ಪುಡಿಯೂ ಬೇಡ. ಒಂದು ಲೋಟ ಹಿಟ್ಟನ್ನು ಮೂರು ಲೋಟ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಉಪ್ಪು ಅರಿಶಿನ ಹಾಕಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ಮಗುಚಿ ತಟ್ಟೆಗೆ ಸುರಿದರೆ ಆರಿದ ಮೇಲೆ ಕತ್ತರಿಸಬಹುದು. ಬರ್ಮಾದ ಶಾನ್ ಜನರ ತೋಫು ಇದೇ. ಉತ್ತರ ಕರ್ನಾಟಕದವರು ಜುಣಕದ ವಡಿ ಮಾಡುವ ರೀತಿಯೂ ಇದಕ್ಕೆ ತೀರಾ ಹತ್ತಿರ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆ ನುಂಗಿದ ಕೂಡಲೇ ಸೋಯಾ ತಿನ್ನಬೇಡಿ, ಮಾತ್ರೆ ಮೈಗೆ ಹತ್ತುವುದಕ್ಕೆ ಅದು ಅಡ್ಡಿ ಮಾಡುತ್ತದೆ. ಎಷ್ಟು ಹೊತ್ತು ಬಿಡಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಇನ್ನು ದುಡ್ಡಿನ ಮಾತು. ಚೀಲದ ಬೆಲೆ ಮುಂಚಿನ ಅರ್ಧ ಕೆಜಿ ತೋಫುವಿನ ಬೆಲೆಯೇ. ಬಟ್ಟೆ, ಡಬ್ಬಿ ಮೊದಲನೇ ಸಲ ಮಾತ್ರ ಬರುತ್ತದೆ, ಎರಡನೇ ಸಲದಿಂದ ಅದರ ದುಡ್ಡು ಕಳೆದು ತೆಗೆದುಕೊಳ್ಳುತ್ತೇವೆ. ತಿಂಗಳಿಗೆ ಅಂತ ಮುಂಗಡ ಕಟ್ಟಿದವರು ಚೀಲ ಬೇಡ ಅಂದರೆ ಪೂರ್ತಿ ವಾಪಸ್, ಕಾರಣ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಕೆಟ್ಟ ಪ್ಯಾಕೆಟ್ ಸಿಕ್ಕಿದ ಎಲ್ಲ ಮನೆಗೂ ಮೊದಲ ಚೀಲ ನಮ್ಮ ಕಡೆಯಿಂದ.

ಬರೆದಿದ್ದು ಓದಿ ಧೈರ್ಯ ಬರದವರು ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾಲಗಾಮೆ ರಸ್ತೆಯ ನಮ್ಮ ಕೊಠಡಿಗೆ ಬನ್ನಿ, ಜೊತೆಯಲ್ಲಿ ನಿಂತು ಮಾಡಿ ತೋರಿಸುತ್ತೇವೆ. ಬರುವವರು ಶುಕ್ರವಾರದೊಳಗೆ ಪ್ಯಾಕೆಟ್ ಮೇಲಿನ ನಂಬರಿಗೆ ಹೇಳಿಬಿಡಿ, ಶನಿವಾರ ರಾತ್ರಿ ಅಷ್ಟು ಕಾಳು ನೆನೆಹಾಕಬೇಕು.

ಇಂತಿ,
ತೋಫು ಮಾಡುವ ನಾವು ಏಳು ಜನ ಹೆಂಗಸರು, ಹಾಸನ