ಗುರಿಚಿಕಿತ್ಸೆಯ ಮಾತ್ರೆಗೂ ಅಡ್ಡಪರಿಣಾಮಗಳಿವೆ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಬೆಳೆಸುವ ನಿರ್ದಿಷ್ಟ ಪ್ರೋಟೀನನ್ನು ಗುರಿಯಿಟ್ಟು ತಡೆಯುವ ಹೊಸ ಮಾತ್ರೆಗಳ (ಗುರಿಚಿಕಿತ್ಸೆಯ) ಬಗ್ಗೆ ಬರೆಯುವಾಗ ‘ಇವು ರೋಗದ ಕೋಶಗಳನ್ನಷ್ಟೇ ಕೊಲ್ಲುತ್ತವೆ, ಅಡ್ಡಪರಿಣಾಮವಿಲ್ಲ’ ಎಂಬ ಮಾತನ್ನು ಸೇರಿಸುವುದು ಈಚೆಗೆ ರೂಢಿಯಾಗಿಬಿಟ್ಟಿದೆ. ಮೊದಲರ್ಧದಲ್ಲಿ ಸ್ವಲ್ಪ ನಿಜವಿದೆ, ಉಳಿದರ್ಧ ಸುಳ್ಳು. ಆ ಸುಳ್ಳಿನಿಂದಾಗುವ ಹಾನಿಯನ್ನು ಔಷಧದಂಗಡಿಯಲ್ಲಿ ನಿಂತು ನೋಡಿದವನಾದ್ದರಿಂದ ಈ ಪತ್ರ.

ಕಿಮೊಥೆರಪಿ ಔಷಧಗಳಲ್ಲಿ ಹೆಚ್ಚಿನವು ವಿಭಜನೆಯಾಗುತ್ತಿರುವ ಕೋಶಗಳ ಮೇಲೆ ಎರಗುತ್ತವೆ. ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪೊರೆ, ಅಸ್ಥಿಮಜ್ಜೆ ಇವುಗಳಲ್ಲೂ ಕೋಶಗಳು ಬೇಗ ಬೇಗ ಹುಟ್ಟುವುದರಿಂದ ಕೂದಲುದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ಇದು ಜನರಿಗೆ ಗೊತ್ತಿರುವುದರಿಂದ ಎಚ್ಚರವೂ ಇದೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಅಪರಾತ್ರಿಯಾದರೂ ಆಸ್ಪತ್ರೆಗೆ ಬರಬೇಕೆಂದು ನರ್ಸುಗಳು ಹೇಳಿಯೇ ಕಳಿಸುತ್ತಾರೆ.

ಮಾತ್ರೆಯ ವಿಷಯದಲ್ಲಿ ಹೀಗೆ ಹೇಳುವವರು ಕಡಿಮೆ. ಸಿಎಂಎಲ್ ಎಂಬ ರಕ್ತಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೊಸೋಮುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಹುಟ್ಟಿಕೊಂಡು, ಕೋಶಗಳನ್ನು ಬಿಡುವಿಲ್ಲದೆ ಬೆಳೆಸುತ್ತದೆ. ಆ ಪ್ರೋಟೀನಿನಲ್ಲಿ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಕೂರಬೇಕಾದ ಜಾಗವನ್ನು ಇಮಾಟಿನಿಬ್ ಎಂಬ ಮಾತ್ರೆ ಹಿಡಿದುಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೆ ಬೇಕಾದ ಕಿಟ್ ಎಂಬ ಪ್ರೋಟೀನನ್ನೂ ಅದು ತಡೆಯುವುದರಿಂದ ಕೆಲವರ ಮೈಬಣ್ಣ ತಿಳಿಯಾಗುತ್ತದೆ. ಬೆಳಗ್ಗೆ ಕಣ್ಣಿನ ಸುತ್ತ ಊತ, ವಾಕರಿಕೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಕೂಡ ಸಾಮಾನ್ಯ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ತಡೆಯುವ ಇಜಿಎಫ್‌ಆರ್ ಎಂಬ ಪ್ರೋಟೀನು ಚರ್ಮಕ್ಕೂ ಬೇಕಾದದ್ದು, ಹಾಗಾಗಿ ಮುಖದ ತುಂಬ ಮೊಡವೆಯಂಥ ಗುಳ್ಳೆಗಳೇಳುತ್ತವೆ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ (ಇದು ಮಾತ್ರೆಯಲ್ಲ, ಇಂಜೆಕ್ಷನ್) ಹೃದಯದ ಬಲ ಕುಗ್ಗಿಸಬಹುದಾದ್ದರಿಂದ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ.

ಅಡ್ಡಪರಿಣಾಮವೇ ಇಲ್ಲವೆಂದು ನಂಬಿದವರು ಇವನ್ನು ಕಂಡಾಗ ವೈದ್ಯರಿಗೆ ಫೋನ್ ಮಾಡುವುದಿಲ್ಲ, ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಒಬ್ಬ ತಾಯಿ ಮಗನ ಇಮಾಟಿನಿಬ್ ಸ್ಟ್ರಿಪ್ಪನ್ನೇ ವಾಪಸು ತಂದಿದ್ದರು; ಹತ್ತರಲ್ಲಿ ಏಳು ಮಾತ್ರೆ ಹಾಗೇ ಉಳಿದಿದ್ದವು. ‘ಇದು ಬಹಳ ಉಷ್ಣ ಸರ್, ಮುಖವೆಲ್ಲ ಊದ್ಕೊಂಡಿದೆ, ಪವರ್ ಕಮ್ಮಿ ಇರೋದು ಕೊಡಿ’ ಎಂದರು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಡೋಸ್ ತಪ್ಪಿಸಿದವರಲ್ಲಿ ಸಿಎಂಎಲ್ ಸರಿಯಾಗಿ ಹತೋಟಿಗೆ ಬರುವುದು ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ, ಇಮಾಟಿನಿಬ್‌ನದೇ ಬ್ರಾಂಡ್ ಆದ ಗ್ಲಿವೆಕ್‌ನ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಅಗ್ಗದ ಜೆನೆರಿಕ್ ಇಮಾಟಿನಿಬ್ ನಮ್ಮ ಕೈಗೆಟುಕುವಂತೆ ಉಳಿಯಿತು. ಅಷ್ಟು ಹೋರಾಡಿ ಉಳಿಸಿಕೊಂಡ ಮಾತ್ರೆ ಮಾಹಿತಿಯಿಲ್ಲದೆ ಡಬ್ಬಿಯಲ್ಲೇ ಉಳಿಯುವುದು ನ್ಯಾಯವಲ್ಲ.

ಆದ್ದರಿಂದ ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣಾ ಕೇಂದ್ರಗಳಲ್ಲಾದರೂ ಇಂಥ ಪ್ರತಿ ಮಾತ್ರೆಯ ಜೊತೆ ಒಂದು ಪುಟದ ಕನ್ನಡ ಚೀಟಿ ಕೊಡಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಇಮಾಟಿನಿಬ್ ಚೀಟಿಯಲ್ಲಿ ಇಷ್ಟಿದ್ದರೆ ಸಾಕು: ಊಟದೊಂದಿಗೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು, ಚಕ್ಕೋತ ಹಣ್ಣು ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದಾದ್ದರಿಂದ ತಿನ್ನಬಾರದು, ಉಸಿರಾಟದ ತೊಂದರೆ, ದಿಢೀರನೆ ತೂಕ ಏರುವುದು, ರಕ್ತಸ್ರಾವ ಕಂಡರೆ ಅಂದೇ ಆಸ್ಪತ್ರೆಗೆ ತಿಳಿಸಬೇಕು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಕೆಳಗೆ ಹಗಲೂ ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಇರಲಿ.

– ನಿವೃತ್ತ ಫಾರ್ಮಸಿಸ್ಟ್, ಶಿವಮೊಗ್ಗ