ಕ್ಯಾಮೆರಾ ಬೀರುವಿನಲ್ಲೇ ಇದ್ದರೆ ಹೇಗೆ?

ಮಾನ್ಯರೇ,

ನನ್ನ ಮಗಳು ಹಾಸನದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಅವರ ಪ್ರಯೋಗವನ್ನು ಬಾಯಿಪಾಠ ಮಾಡಿದ್ದಳು. ನಟನ ಮುಖ ಒಂದೇ. ಅದರ ಬೆನ್ನಿಗೆ ಸೂಪಿನ ಬಟ್ಟಲಿನ ದೃಶ್ಯ ಜೋಡಿಸಿದರೆ ಅದೇ ಮುಖದಲ್ಲಿ ಹಸಿವು, ಶವಪೆಟ್ಟಿಗೆಯದು ಜೋಡಿಸಿದರೆ ದುಃಖ ಕಾಣುತ್ತದೆ ಅಂತ. ತಲೆಗೆ ಹತ್ತಿರಲಿಲ್ಲ. ಮೊನ್ನೆ ಹಳೇಬೀಡಿನಲ್ಲಿ ಮೊಬೈಲ್‌ನಲ್ಲೇ ಅಜ್ಜಿಯ ಮುಖ ತೆಗೆದು, ಒಮ್ಮೆ ಗೋಡೆಯ ಆನೆಸಾಲಿಗೆ, ಒಮ್ಮೆ ಮುರಿದ ವಿಗ್ರಹಕ್ಕೆ ಜೋಡಿಸಿದಳು. ಅಜ್ಜಿ ಮೊದಲು ಬೆರಗಾದಂತೆ, ಆಮೇಲೆ ಅಳುವಂತೆ ಕಂಡರು! (ಅವರು ನಿಜಕ್ಕೂ ಕಾಯುತ್ತಿದ್ದದ್ದು ಚುರುಮುರಿಗೆ.)

ಕಾಲೇಜಿನ ಕ್ಯಾಮೆರಾ ಮಾತ್ರ ಹಾಳಾಗುತ್ತೆ ಅಂತ ಬೀರುವಿನಲ್ಲಿದೆ. ಇತ್ತ ರೀಲ್ಸ್ ಮಾಡುವ ಹುಡುಗರಿಗೆ ಕಟ್ ಮಾಡೋದು ಗೊತ್ತು, ಆ ಕಟ್ ನೋಡುವವರಿಗೆ ಏನು ಮಾಡುತ್ತೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಕಟ್ ಮಾಡೋದು, ಅದರ ಪರಿಣಾಮ ತಿಳಿಯೋದು ಎರಡೂ ಒಂದೇ ತರಗತಿಯಲ್ಲಿ ನಡೆಯಬೇಕು ಅಲ್ವಾ? ವಾರಕ್ಕೊಂದು ಮಧ್ಯಾಹ್ನವಾದರೂ ಬೀರುವಿನ ಬೀಗ ತೆಗೆಯಲಿ.

– ಓದುಗರೊಬ್ಬರು, ಹಾಸನ